ಫೋರ್ ವೀಲ್ ಹಾಕಿದರೆ ಅಡಿಯಿಂದ ಕಟಕಟ ಶಬ್ದ: ಟ್ರ್ಯಾಕ್ಟರ್ ನಡು ಬಿಚ್ಚಲೇಬೇಕಾ?

ಬೆಳ್ಮಣ್ ಗದ್ದೆ

24 ಎಚ್‌ಪಿಯ ಸಣ್ಣ ಟ್ರ್ಯಾಕ್ಟರ್, ಫೋರ್ ವೀಲ್, ಮಾಮೂಲಿ ಗೇರಿನದು. ಮೀಟರು ಸಾವಿರ ಗಂಟೆ ದಾಟಿದೆ. ಏಣೆಲಿನ (ಮಳೆಗಾಲದ ಭತ್ತದ ಬೆಳೆ) ಉಳುಮೆ ಮುಗಿಸಿ ತೋಟಕ್ಕೆ ಗೊಬ್ಬರ ಹೊಡೆಯಲು ಟ್ರೈಲರ್ ಹಾಕಿದಾಗಿನಿಂದ ಅಡಿಯಲ್ಲಿ ಶಬ್ದ. ನಿಧಾನಕ್ಕೆ ಹೋಗುವಾಗ ಬಿಟ್ಟು ಬಿಟ್ಟು "ಕಟಕ್, ಕಟಕ್". ವೇಗ ಹೆಚ್ಚಿದ ಹಾಗೆ ಹತ್ತಿರ ಹತ್ತಿರ ಆಗಿ ಕೊನೆಗೆ ಗರಗರ. ಕಾಲಿಡುವ ಜಾಗದ ಕೆಳಗಿನಿಂದಲೇ ಬಂದ ಹಾಗೆ ಕೇಳ್ತದೆ. ಏರಿನಲ್ಲಿ ಭಾರ ಎಳೆಯುವಾಗ ಜೋರು, ಎಡಕ್ಕೆ ತಿರುಗಿಸಿದರೆ ಇನ್ನೂ ಜೋರು. ಫೋರ್ ವೀಲ್ ಲಿವರ್ ತೆಗೆದರೆ ನಿಲ್ತದೆ.

ಹಿಂದಿನ ಎಣ್ಣೆಯ ಲೆವೆಲ್ ಸರಿ ಉಂಟು, ಬಣ್ಣವೂ ಚೆಂದ ಉಂಟು. ಮುಂದಿನ ಟೈರ್ ಎರಡೂ ಹೊಸತು, ಹಿಂದಿನದ್ದು ಹಳತು. ತೋರಿಸಿದ ಗ್ಯಾರೇಜಿನಲ್ಲಿ ಗೇರ್ ಬಾಕ್ಸ್ ಹೋಗಿದೆ, ನಡುವಿನಲ್ಲಿ ಎರಡು ಭಾಗ ಮಾಡಿ ಬಿಚ್ಚಬೇಕು ಅಂತ ಹೇಳಿದರು. ಅದಕ್ಕೆ ಮುಂಚೆ ಮನೆಯಲ್ಲೇ ನೋಡಬಹುದಾದ್ದು ಏನಾದರೂ ಉಂಟಾ?

ಬ್ರಹ್ಮಾವರ ವರ್ಕ್‌ಶಾಪ್

ಈಗಲೇ ಬಿಚ್ಚಬೇಡಿ ಮಾರಾಯ್ರೆ. ನೀವು ಬರೆದದ್ದರಲ್ಲಿ ಗೇರ್ ಬಾಕ್ಸಿನ ಲಕ್ಷಣ ಒಂದೂ ಕಾಣುವುದಿಲ್ಲ. ಶಬ್ದ ಕೇಳುವ ಜಾಗವನ್ನು ನಂಬಲಿಕ್ಕೆ ಆಗುವುದಿಲ್ಲ. ಮುಂದಿನ ಆಕ್ಸಲಿನ ಪೆಟ್ಟು ಡ್ರೈವ್ ಶಾಫ್ಟ್, ಅದರ ಕೊಳವೆ, ಚಾಸಿಸ್ ಎಲ್ಲದರ ಮೇಲೆ ಹರಿದು ಬಂದು ನಿಮ್ಮ ಕಾಲಡಿಯಲ್ಲೇ ಕೇಳ್ತದೆ. ಎಲ್ಲಿ ಕೇಳ್ತದೆ ಅನ್ನುವುದನ್ನು ಬಿಟ್ಟು ಯಾವಾಗ ಬರ್ತದೆ, ಯಾವುದರ ಜೊತೆ ವೇಗ ಬದಲಾಯಿಸ್ತದೆ ಅಂತ ನೋಡಿ.

ಮೊದಲು ಚಕ್ರದ ನಟ್ಟುಗಳನ್ನು ಸ್ಪ್ಯಾನರ್ ಹಾಕಿ ಬಿಗಿ ನೋಡಿ. ಸಡಿಲ ನಟ್ಟಿನ ರಿಮ್ಮೂ ಇದೇ ಕಟಕ್ ಹೊಡೀತದೆ. ಟ್ರೈಲರ್, ರೋಟವೇಟರ್, ಪಿಟಿಒ ಶಾಫ್ಟ್ (ಹಿಂದಿನ ಉಪಕರಣ ತಿರುಗಿಸುವ ದಂಡ) ಎಲ್ಲ ಕಳಚಿಡಿ. ಆಮೇಲೆ ಬಯಲಲ್ಲಿ ಹೀಗೆ ಮಾಡಿ.

ಗಾಡಿ ನಿಂತಲ್ಲೇ, ನ್ಯೂಟ್ರಲ್‌ನಲ್ಲಿ, ಇಂಜಿನ್ ಓಡ್ತಾ ಇರಲಿ. ಕ್ಲಚ್ ಪೆಡಲ್ ಒತ್ತಿದಾಗ ಶಬ್ದ ಹುಟ್ಟಿದರೆ ರಿಲೀಸ್ ಬೇರಿಂಗ್. ಬಿಟ್ಟಾಗ ಇದ್ದು ಒತ್ತಿದಾಗ ನಿಂತರೆ ಗೇರ್ ಬಾಕ್ಸಿನ ಇನ್‌ಪುಟ್ ಶಾಫ್ಟ್ ಬೇರಿಂಗ್. ಎರಡೂ ಇಲ್ಲದೆ, ಇಂಜಿನ್ ಏರಿಸಿದಾಗ ಮಾತ್ರ ಕೀರಲು ಸ್ವರ ಬಂದು, ಲಿಫ್ಟ್ ಎತ್ತುವಾಗ ಅದು ಹೆಚ್ಚಾದರೆ ಹೈಡ್ರಾಲಿಕ್ ಪಂಪು: ಎಣ್ಣೆ ಕಮ್ಮಿ, ಸಕ್ಷನ್ ಫಿಲ್ಟರ್ ಕಟ್ಟಿದೆ, ಇಲ್ಲ ಗಾಳಿ ಎಳೀತಾ ಉಂಟು. ನಿಮ್ಮದು ಇದು ಯಾವುದೂ ಅಲ್ಲ ಅಂತ ನನ್ನ ಅಂದಾಜು.

ಇನ್ನು ಓಡಿಸಿ ನೋಡಿ. ಒಂದೇ ಗೇರಿನಲ್ಲಿ ಶಬ್ದ ಬಂದು ಬೇರೆ ಗೇರಿನಲ್ಲಿ ಇಲ್ಲದಿದ್ದರೆ ಆ ಗೇರಿನ ಹಲ್ಲು. ಎಲ್ಲ ಗೇರಿನಲ್ಲೂ ಬಂದು, ಚಕ್ರದ ವೇಗಕ್ಕೆ ಸರಿಯಾಗಿ ಏರಿ ಇಳಿದರೆ ಡಿಫ್ರೆನ್ಶಿಯಲ್ (ತಿರುವಿನಲ್ಲಿ ಎಡ ಬಲ ಚಕ್ರ ಬೇರೆ ಬೇರೆ ವೇಗದಲ್ಲಿ ಓಡಲು ಬಿಡುವ ಗೇರುಗಳು) ಅಥವಾ ಅದರಿಂದಾಚೆ, ಚಕ್ರದ ಕಡೆ. ನೇರ ಹೋಗುವಾಗ ಸುಮ್ಮನಿದ್ದು ತಿರುವಿನಲ್ಲಿ ಮಾತ್ರ ಬಂದರೆ ಡಿಫ್ರೆನ್ಶಿಯಲ್ ಒಳಗಿನ ಸಣ್ಣ ಗೇರುಗಳು, ಇಲ್ಲದಿದ್ದರೆ ಎರಡು ಚಕ್ರವನ್ನು ಒಂದೇ ವೇಗಕ್ಕೆ ಕಟ್ಟುವ ಡಿಫ್ ಲಾಕ್ ಪೂರ್ತಿ ಬಿಟ್ಟಿಲ್ಲ. ಎಳೆಯುವಾಗ ಒಂದು ಸ್ವರ, ಆಕ್ಸಿಲರೇಟರ್ ಬಿಟ್ಟು ಇಳಿಯುವಾಗ ಇನ್ನೊಂದು ಸ್ವರ ಆದರೆ ಕ್ರೌನ್ ಪಿನಿಯನ್ನಿನ (ಡಿಫ್ರೆನ್ಶಿಯಲ್ ತಿರುಗಿಸುವ ಗೇರ್ ಜೋಡಿ) ಸಂದು ಅಥವಾ ಪಿನಿಯನ್ ಬೇರಿಂಗ್. ಬ್ರೇಕ್ ಒತ್ತಿದಾಗ ಮಾತ್ರ ಗೊರಗುಟ್ಟಿದರೆ ಎಣ್ಣೆ ತಪ್ಪು. ಎಣ್ಣೆಯಲ್ಲಿ ಮುಳುಗಿದ ಬ್ರೇಕಿಗೆ ಅದಕ್ಕೆಂದೇ ಇರುವ ಟ್ರ್ಯಾಕ್ಟರ್ ಎಣ್ಣೆ ಬೇಕು, ಬರೀ ಗೇರ್ ಆಯಿಲ್ ಹೊಯ್ದರೆ ಪ್ಲೇಟು ಹಿಡಿದು ಬಿಟ್ಟು ಮಾಡ್ತದೆ.

ನಿಮ್ಮ ಶಬ್ದ ಫೋರ್ ವೀಲ್ ತೆಗೆದರೆ ನಿಲ್ತದೆ, ಭಾರಕ್ಕೆ ಹೆಚ್ಚಾಗ್ತದೆ, ಚಕ್ರದ ವೇಗಕ್ಕೆ ಬದಲಾಗ್ತದೆ. ಅಂದ ಮೇಲೆ ಮುಂದಿನ ಡ್ರೈವ್ ತೆಗೆದುಕೊಳ್ಳುವ ಗೇರಿನಿಂದ ಹಿಡಿದು ಮುಂದಿನ ಹಬ್ಬಿನವರೆಗೆ (ಚಕ್ರ ಕೂರುವ ನಡುಭಾಗ) ಎಲ್ಲೋ ಒಂದು ಕಡೆ. ಒಂದು ವಿಷಯ ಗಮನದಲ್ಲಿರಲಿ: ಲಿವರ್ ತೆಗೆದ ಮಾತ್ರಕ್ಕೆ ಮುಂದಿನ ಗೇರುಗಳು ನಿಲ್ಲುವುದಿಲ್ಲ. ನೆಲದ ಮೇಲೆ ಉರುಳುವ ಚಕ್ರವೇ ಅವನ್ನೆಲ್ಲ ತಿರುಗಿಸ್ತಾ ಇರ್ತದೆ, ಭಾರ ಮಾತ್ರ ಇರುವುದಿಲ್ಲ. ಭಾರ ಇದ್ದಾಗ ಮಾತ್ರ ಶಬ್ದ ಮಾಡುವುದು ಹೆಚ್ಚಾಗಿ ಹಲ್ಲು ಮತ್ತು ಸ್ಪ್ಲೈನ್ (ಶಾಫ್ಟಿನ ತುದಿಯ ಉದ್ದ ಹಲ್ಲುಗಳು). ಪೂರ್ತಿ ಹಾಳಾದ ಬೇರಿಂಗ್ ಆದರೆ ಲಿವರ್ ತೆಗೆದರೂ ಸಣ್ಣಕ್ಕೆ ಗುರ್ ಅಂತಲೇ ಇರ್ತದೆ.

ಈಗ ಮುಂದಿನ ಆಕ್ಸಲಿನ ಎಣ್ಣೆ ನೋಡಬೇಕು. ಹೆಚ್ಚಿನವರು ಹಿಂದಿನ ಡಿಪ್‌ಸ್ಟಿಕ್ ನೋಡಿ ಎಣ್ಣೆ ಸರಿ ಉಂಟು ಅಂತಾರೆ. ಮುಂದಿನ ಆಕ್ಸಲಿನ ಎಣ್ಣೆ ಬೇರೆಯೇ. ರಾತ್ರಿ ಇಡೀ ಗಾಡಿ ಅಲುಗಾಡದೆ ನಿಲ್ಲಲಿ. ಬೆಳಿಗ್ಗೆ ಎಡ ಬಲ ಎರಡೂ ಚಕ್ರದ ಗೇರ್ ಕೇಸಿನ ಅಡಿಯ ಡ್ರೈನ್ ಪ್ಲಗ್ಗನ್ನು ಪೂರ್ತಿ ತೆಗೆಯದೆ ನಿಧಾನಕ್ಕೆ ಸಡಿಲಿಸಿ, ಕೆಳಗೆ ಗಾಜಿನ ಬಾಟ್ಲಿ ಹಿಡಿಯಿರಿ. ನೀರು ಎಣ್ಣೆಗಿಂತ ಭಾರ, ಇದ್ದರೆ ಮೊದಲು ಅದೇ ಬರ್ತದೆ. ಎರಡು ಕಡೆಗೆ ಬೇರೆ ಬೇರೆ ಬಾಟ್ಲಿ. ಬಣ್ಣ ನೋಡಿ ಅನುಮಾನ ಬಂದರೆ ಅಡುಗೆಗೆ ಬೇಡದ ಹಳೆ ಕಾವಲಿ ಬಿಸಿ ಮಾಡಿ ಒಂದು ಹನಿ ಬಿಡಿ, ಮುಖ ದೂರ ಇರಲಿ. ಚಟಪಟ ಸಿಡಿದರೆ ನೀರು ಸೇರಿದೆ.

ಪ್ಲಗ್ಗಿನಲ್ಲಿ ಅಂಟಿದ್ದನ್ನು ಬಟ್ಟೆಗೆ ಒರೆಸಿ ಬಿಸಿಲಿನಲ್ಲಿ ನೋಡಿ, ಆಯಸ್ಕಾಂತವನ್ನೂ ಹಿಡಿದು ನೋಡಿ. ಬೂದು ಬಣ್ಣದ ನುಣ್ಣನೆ ಹುಡಿ ಆದರೆ ಚಿಂತೆ ಇಲ್ಲ, ಅದು ಸಾಮಾನ್ಯ ಸವೆತ. ತೆಳ್ಳಗೆ ಹೊಳೆಯುವ ಚಕ್ಕೆ ಆದರೆ ಬೇರಿಂಗಿನ ಮೈ ಎದ್ದಿದೆ. ಬೆರಳಿಗೆ ಚುಚ್ಚುವ, ಒಂದು ಬದಿ ನಯ ಇನ್ನೊಂದು ಬದಿ ಒರಟು ಇರುವ ತುಂಡು ಸಿಕ್ಕಿದರೆ ಹಲ್ಲು ಮುರಿದಿದೆ. ಹಳದಿ ಚೂರು, ಆಯಸ್ಕಾಂತಕ್ಕೆ ಹತ್ತದ್ದು, ಅದು ಬುಷ್ ಅಥವಾ ಥ್ರಸ್ಟ್ ವಾಷರ್.

ಇಷ್ಟು ನೋಡಿ ಬರೆಯಿರಿ.

ಪುತ್ತೂರು ತೋಟ

ಟೈರಿನ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. ಮುಂದೆ ಹೊಸತು, ಹಿಂದೆ ಹಳತು ಎಂದರೆ ಮುಂದಿನ ಡ್ರೈವಿಗೆ ಅತಿ ಕೆಟ್ಟ ಜೋಡಿ. ಫೋರ್ ವೀಲಿನಲ್ಲಿ ಮುಂದಿನ ಚಕ್ರದ ಅಂಚು ಹಿಂದಿನದಕ್ಕಿಂತ ಸ್ವಲ್ಪ ಬೇಗ ಓಡುವಂತೆಯೇ ಗೇರಿನ ಲೆಕ್ಕ ಇರುತ್ತದೆ. ಆ ಮುನ್ನಡೆ ಸಾಧಾರಣ ಶೇ. 1ರಿಂದ 5ರೊಳಗೆ ಇದ್ದರೆ ಸರಿ. ಹಿಂದಿನ ಟೈರ್ ಸವೆದು ಅಥವಾ ಗಾಳಿ ಇಳಿದು ಸುತ್ತಳತೆ ಕಿರಿದಾದರೆ, ಮುಂದೆ ಹೊಸ ಟೈರ್ ಬಂದು ದೊಡ್ಡದಾದರೆ, ಮುನ್ನಡೆ ಮಿತಿ ಮೀರುತ್ತದೆ. ಕೆಸರಿನಲ್ಲಿ ಚಕ್ರ ಜಾರಿ ಸರಿಹೋಗುತ್ತದೆ. ಮುರಕಲ್ಲಿನ ಗಟ್ಟಿ ನೆಲದಲ್ಲಿ, ಕಾಂಕ್ರೀಟಿನಲ್ಲಿ ಜಾರಲು ಜಾಗ ಇಲ್ಲ, ಆ ತಿರುಚು ಪೂರ್ತಿ ಶಾಫ್ಟ್ ಮತ್ತು ಬೆವೆಲ್ ಗೇರಿನ (ತಿರುಗುವ ದಿಕ್ಕು ಬದಲಿಸುವ ಓರೆ ಹಲ್ಲಿನ ಗೇರ್) ಹಲ್ಲಿನ ಮೇಲೆ ಕೂರುತ್ತದೆ. ಲಿವರ್ ತೆಗೆಯಲು ಹೋದರೆ ಗಟ್ಟಿ ಹಿಡಿದುಕೊಂಡು, ಸ್ವಲ್ಪ ರಿವರ್ಸ್ ಬಂದ ಮೇಲೆ ಬಿಡುತ್ತದೆಯೇ? ಹಾಗಿದ್ದರೆ ಇದೇ ಕಾರಣ.

ಅಳೆಯುವುದು ಸುಲಭ. ಮೊದಲು ನಾಲ್ಕೂ ಟೈರಿಗೆ ಪುಸ್ತಕದಲ್ಲಿ ಹೇಳಿದಷ್ಟು ಗಾಳಿ. ಮುಂದಿನ, ಹಿಂದಿನ ಒಂದೊಂದು ಟೈರಿಗೆ ಸೀಮೆಸುಣ್ಣದ ಗೆರೆ ಎಳೆಯಿರಿ. ಒಬ್ಬರು ಓಡಿಸಲಿ, ಇಬ್ಬರು ಬದಿಯಲ್ಲಿ ದೂರ ನಿಂತು ಎಣಿಸಲಿ. ಸಡಿಲ ಮಣ್ಣಿನಲ್ಲಿ, ನೇರಕ್ಕೆ, ಭಾರ ಇಲ್ಲದೆ. ಫೋರ್ ವೀಲ್ ತೆಗೆದು ಹಿಂದಿನ ಚಕ್ರ 10 ಸುತ್ತು ಬರುವಷ್ಟು ಹೋಗಿ, ಮುಂದಿನದು ಎಷ್ಟು ಸುತ್ತು ಬಂತು ಬರೆದುಕೊಳ್ಳಿ, ಕಾಲು ಸುತ್ತನ್ನೂ ಬಿಡಬೇಡಿ. ಫೋರ್ ವೀಲ್ ಹಾಕಿ ಮತ್ತೆ ಅದೇ 10 ಸುತ್ತು. ಎರಡನೆಯದರಿಂದ ಮೊದಲನೆಯದನ್ನು ಕಳೆದು, ಮೊದಲನೆಯದರಿಂದ ಭಾಗಿಸಿ 100ರಿಂದ ಗುಣಿಸಿ. ಉದಾಹರಣೆಗೆ 16.5 ಇದ್ದದ್ದು 17 ಆದರೆ ಶೇ. 3, ಒಳ್ಳೆಯದು. 0ಗಿಂತ ಕೆಳಗೆ ಹೋದರೂ ತೊಂದರೆಯೇ, ಆಗ ಮುಂದಿನ ಚಕ್ರ ಎಳೆಯುವ ಬದಲು ತಡೆಯುತ್ತದೆ.

ಅದರ ಜೊತೆಗೆ ಡ್ರೈವ್ ಶಾಫ್ಟಿನ ಎರಡು ತುದಿಯ ಕಪ್ಲಿಂಗ್ ನೋಡಿ. ಕೊಳವೆಯ ಕ್ಲಾಂಪ್ ಸಡಿಲಿಸಿ ಸರಿಸಿದರೆ ಕಾಣುತ್ತದೆ. ಪಿನ್ನು ಅಥವಾ ಲಾಕ್ ತೆಗೆದು ಕಪ್ಲಿಂಗ್ ಹಿಂದಕ್ಕೆ ತಳ್ಳಿ. ಸ್ಪ್ಲೈನ್ ಸುತ್ತ ಒಣಗಿದ ಕೆಂಪು ಹುಡಿ ಇದ್ದರೆ ಗ್ರೀಸ್ ಇಲ್ಲದೆ ಉಜ್ಜಿದೆ. ಹಲ್ಲಿನ ತಲೆ ಚೂಪಾಗಿದ್ದರೆ ಭಾರ ಬಂದಾಗ ಹಾರುತ್ತದೆ, ಟಕ್ ಎಂದು ಹಾರಿ ಆ ಕ್ಷಣ ಎಳೆತ ತಪ್ಪುತ್ತದೆ. ಗೇರ್ ಬಾಕ್ಸ್ ಬಿಚ್ಚದೆ, ಕಪ್ಲಿಂಗ್ ಬದಲಿಸಿದರೆ ಮುಗಿಯುವ ಕೆಲಸ ಅದು.

ಇನ್ನೊಂದು: ಕಟ್ಟಪುಣಿ (ಗದ್ದೆಯ ಬದು) ಹತ್ತಿ ಇಳಿಯುವಾಗ ಒಂದೇ ಸಲ ಟಕ್ ಎಂದರೆ ಅದು ತಿರುಗುವ ಭಾಗದ್ದಲ್ಲ, ಆಕ್ಸಲಿನ ನಡುವಿನ ಪಿವಟ್ ಬುಷ್. ಗ್ರೀಸ್ ನಿಪ್ಪಲ್ ಕೆಸರಿನಿಂದ ಕಟ್ಟಿದರೆ ಬೇಗ ಸವೆಯುತ್ತದೆ.

ಬೆಳ್ಮಣ್ ಗದ್ದೆ

ಇಬ್ಬರಿಗೂ ಉಪಕಾರ. ಹೇಳಿದ ಹಾಗೆಯೇ ನೋಡಿದೆ. ಕ್ಲಚ್ ಒತ್ತಿದರೂ ಬಿಟ್ಟರೂ ಶಬ್ದ ಇಲ್ಲ. ಎಲ್ಲ ಗೇರಿನಲ್ಲೂ ಶಬ್ದ ಒಂದೇ ತರ.

ಎಡ ಕೇಸಿನ ಎಣ್ಣೆ ಸ್ವಲ್ಪ ಮಸುಕು. ಬಲದಲ್ಲಿ ಮೊದಲು ಬರೀ ನೀರು, ಹಿಂದೆಯೇ ಹಾಲು ಹಾಕಿದ ಚಾದ ಬಣ್ಣದ ಎಣ್ಣೆ. ಪ್ಲಗ್ಗಿನಲ್ಲಿ ಅಕ್ಕಿಕಾಳಿನಷ್ಟು ದೊಡ್ಡ ಒಂದು ತುಂಡು, ಒಂದು ಬದಿ ನಯ ಉಂಟು. ಬಲ ಹಬ್ಬಿನ ಒಳಬದಿಯಲ್ಲಿ ನೈಲಾನ್ ಹಗ್ಗ ಮತ್ತು ಸೋಗೆಯ ನಾರು ಸುತ್ತಿ, ಎಣ್ಣೆ ತಡೆಯುವ ರಬ್ಬರ್ ಸೀಲಿನ ತುಟಿ ಹರಿದಿದೆ.

ಟೈರಿನ ಲೆಕ್ಕ: 16.5 ಇದ್ದದ್ದು ಫೋರ್ ವೀಲ್ ಹಾಕಿದಾಗ 18. ಶೇ. 9 ಆಯ್ತು. ಕಪ್ಲಿಂಗ್ ಎರಡೂ ಚೆಂದ ಉಂಟು. ಬಲ ಚಕ್ರ ಒಂದು ಸುತ್ತು ಬರುವಾಗ ಕಟಕ್ ಒಂದಕ್ಕಿಂತ ಜಾಸ್ತಿ ಸಲ ಕೇಳ್ತದೆ. ಎಡಕ್ಕೆ ತಿರುಗಿಸುವಾಗ ಜೋರಾಗುವುದು, ಹಾಳಾದ್ದು ಬಲದಲ್ಲಿ, ಇದು ಹೇಗೆ?

ಬ್ರಹ್ಮಾವರ ವರ್ಕ್‌ಶಾಪ್

ಎಡಕ್ಕೆ ತಿರುಗುವಾಗ ಬಲದ ಚಕ್ರ ಹೊರಗಿನ ವೃತ್ತದಲ್ಲಿ ಹೆಚ್ಚು ದೂರ ಓಡಬೇಕು, ಗಾಡಿಯ ಭಾರವೂ ಆ ಕಡೆ ವಾಲ್ತದೆ. ಆದರೂ ತಿರುವಿನ ದಿಕ್ಕು ಮಾತ್ರ ನೋಡಿ ಯಾವ ಬದಿ ಅಂತ ತೀರ್ಮಾನ ಮಾಡುವ ಹಾಗಿಲ್ಲ. ನಿಮಗೆ ಎಣ್ಣೆ, ತುಂಡು, ಸೀಲ್ ಮೂರೂ ಬಲಕ್ಕೇ ತೋರಿಸ್ತಾ ಉಂಟು.

ನಿಮ್ಮ ಆಕ್ಸಲ್ ಬೆವೆಲ್ ಗೇರಿನದು. ನಡುವಿನ ಡಿಫ್ರೆನ್ಶಿಯಲ್‌ನಿಂದ ಶಾಫ್ಟ್ ಚಕ್ರದ ಕಡೆ ಬಂದು, ಬೆವೆಲ್ ಗೇರಿನಲ್ಲಿ ಕೆಳಕ್ಕೆ ತಿರುಗಿ, ನಿಂತ ಶಾಫ್ಟಿನ ಕೆಳತುದಿಯ ಸಣ್ಣ ಬೆವೆಲ್ ಚಕ್ರದ ದೊಡ್ಡ ಬೆವೆಲನ್ನು ತಿರುಗಿಸ್ತದೆ. ದೊಡ್ಡದರ ಒಂದು ಹಲ್ಲು ಹೋಗಿದ್ದರೆ ಚಕ್ರದ ಒಂದು ಸುತ್ತಿಗೆ ಒಂದೇ ಕಟಕ್. ಸಣ್ಣದರದ್ದಾದರೆ ಒಂದು ಸುತ್ತಿಗೆ ಹಲವು ಸಲ. ಹಾಗಾಗಿ ಕೆಳಗಿನ ಸಣ್ಣ ಬೆವೆಲಿನ ಹಲ್ಲು ಮುರಿದಿದೆ ಅಂತ ನನ್ನ ಲೆಕ್ಕ. ನೀರು ಸೇರಿದ ಎಣ್ಣೆಗೆ ಹಲ್ಲಿನ ನಡುವೆ ಪದರ ಹಿಡಿಯುವ ಶಕ್ತಿ ಇಲ್ಲ, ಬೇರಿಂಗಿಗೆ ತುಕ್ಕು ಹಿಡಿದು ಸಂದು ಬಿಡ್ತದೆ, ಸಂದು ಬಿಟ್ಟ ಹಲ್ಲು ತುದಿಯಲ್ಲಿ ಮಾತ್ರ ಕಚ್ಚುತ್ತದೆ, ಅದರ ಮೇಲೆ ಶೇ. 9ರ ತಿರುಚು. ಮುರಿಯದೆ ಇನ್ನೇನು?

ಬಿಚ್ಚುವ ಕ್ರಮ: ಗಟ್ಟಿ ನೆಲದಲ್ಲಿ ಗಾಡಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಹಿಂದಿನ ಚಕ್ರಕ್ಕೆ ಎರಡು ಕಡೆ ಕಟ್ಟೆ ಕೊಡಿ. ಮುಂದಿನ ಆಕ್ಸಲ್ ನಡುವಿನ ಪಿನ್ನಿನ ಮೇಲೆ ಓಲಾಡ್ತದೆ, ಜಾಕಿ ಕೊಟ್ಟ ಕೂಡಲೇ ವಾಲಬಹುದು. ಆಕ್ಸಲಿಗೂ ಚಾಸಿಸ್ಸಿಗೂ ನಡುವೆ ಎರಡೂ ಬದಿ ಮರದ ಬೆಣೆ ಹೊಡೆಯಿರಿ, ಆಮೇಲೆ ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಿ. ಕಲ್ಲು, ಇಟ್ಟಿಗೆ ಬೇಡ. ಒಂದೇ ಆಕ್ಸಲ್ ಎತ್ತಿಟ್ಟು ಇಂಜಿನ್ ಚಾಲೂ ಮಾಡಿ ಫೋರ್ ವೀಲ್ ಹಾಕುವುದು ಪ್ರಾಣಕ್ಕೆ ಅಪಾಯ, ನೆಲದಲ್ಲಿರುವ ಚಕ್ರ ಗಾಡಿಯನ್ನು ಸ್ಟ್ಯಾಂಡಿನಿಂದ ಎಳೆದು ಹಾಕ್ತದೆ.

ಬಿಚ್ಚುವ ಮೊದಲು ಫೋರ್ ವೀಲ್ ತೆಗೆದು ಬಲ ಚಕ್ರವನ್ನು ಕೈಯಲ್ಲಿ ತಿರುಗಿಸಿ, ಮೇಲೆ ಕೆಳಗೆ ಹಿಡಿದು ಅಲುಗಾಡಿಸಿ. ಆಮೇಲೆ ಎಣ್ಣೆ ಪೂರ್ತಿ ಬಸಿದು ಚಕ್ರ ಕಳಚಿ. ಗೇರ್ ಕೇಸಿನ ಹೊರಮುಚ್ಚಳದ ಬೋಲ್ಟ್ ತೆಗೆದು, ಪ್ಲಾಸ್ಟಿಕ್ ಸುತ್ತಿಗೆಯಲ್ಲಿ ಸುತ್ತ ತಟ್ಟಿದರೆ ಹಬ್ಬು, ದೊಡ್ಡ ಬೆವೆಲ್ ಒಟ್ಟಿಗೆ ಹೊರಗೆ ಬರ್ತದೆ. ಟಾರ್ಚ್ ಹಾಕಿ ಒಳಗಿನ ಸಣ್ಣ ಬೆವೆಲ್ ನೋಡಿ. ಶಿಮ್ (ಸಂದು ಹೊಂದಿಸುವ ತೆಳು ಬಿಲ್ಲೆ) ಎಲ್ಲಿ ಎಷ್ಟು ಇತ್ತು ಅಂತ ಬರೆದಿಟ್ಟುಕೊಳ್ಳಿ, ಒಂದೂ ಕಳೆಯಬಾರದು.

ಸಣ್ಣದು ಮಾತ್ರ ಮುರಿದಿದ್ದರೂ ದೊಡ್ಡದನ್ನೂ ಸೇರಿಸಿ ಜೋಡಿಯೇ ಹಾಕಿ. ಸವೆದ ಹಲ್ಲಿನ ಎದುರು ಹೊಸ ಹಲ್ಲು ಕೂರುವುದಿಲ್ಲ, ಅದು ಬೇಗ ಕಿರುಚಲಿಕ್ಕೆ ಶುರು ಮಾಡ್ತದೆ. ಆ ಕೇಸಿನ ಬೇರಿಂಗುಗಳನ್ನೆಲ್ಲ ಬದಲಿಸಿ, ನೀರು ಕುಡಿದ ಬೇರಿಂಗ್ ತೊಳೆದು ಹಾಕುವುದು ಬೇಡ. ಬೇರಿಂಗಿನ ಅಂಚಿನಲ್ಲಿ ನಂಬರು ಕೊರೆದಿರ್ತದೆ. 6206 ಅಂದರೆ ಒಳಗೆ 30, ಹೊರಗೆ 62, ದಪ್ಪ 16 ಮಿ.ಮೀ. ಆ ನಂಬರು ಇದ್ದರೆ ಒಳ್ಳೆ ಬೇರಿಂಗ್ ಅಂಗಡಿಯಲ್ಲೂ ಸಿಗ್ತದೆ. ಸೀಲಿನ ಮೇಲೂ ಒಳವ್ಯಾಸ, ಹೊರವ್ಯಾಸ, ದಪ್ಪ ಇರ್ತದೆ, ಆದರೆ ಅಳತೆ ಒಂದೇ ಅಂತ ಒಂದು ತುಟಿಯ ಸೀಲ್ ತರಬೇಡಿ. ಕೆಸರಿಗೆ ಕಂಪನಿಯ ಹೆಚ್ಚು ತುಟಿಯ ಸೀಲೇ ಬೇಕು. ಸ್ಪ್ರಿಂಗ್ ಇರುವ ಮುಖ ಎಣ್ಣೆಯ ಕಡೆಗೆ. ಸೀಲ್ ಓಡುವ ಜಾಗದಲ್ಲಿ ಉಗುರು ತಾಗುವಷ್ಟು ಗೆರೆ ಬಿದ್ದಿದ್ದರೆ ಹೊಸ ಸೀಲೂ ಸೋರ್ತದೆ.

ಜೋಡಿಸುವಾಗ ಹಲ್ಲಿನ ಸಂದು ಅಳೆಯಿರಿ. ಸಾಧಾರಣ 0.1ರಿಂದ 0.3 ಮಿ.ಮೀ. ಆಸುಪಾಸು, ನಿಮ್ಮ ಮಾದರಿಯ ಸರಿಯಾದ ಅಂಕಿ ಸರ್ವಿಸ್ ಪುಸ್ತಕದಲ್ಲಿ ಇರ್ತದೆ. ಡಯಲ್ ಗೇಜ್ ಇಲ್ಲದಿದ್ದರೆ ತೆಳು ಸೋಲ್ಡರ್ ತಂತಿಯನ್ನು ಎರಡು ಹಲ್ಲಿನ ನಡುವೆ ಸಿಕ್ಕಿಸಿ ತಿರುಗಿಸಿ. ಚಪ್ಪಟೆಯಾದ ಜಾಗದ ದಪ್ಪವನ್ನು ಮೈಕ್ರೋಮೀಟರಿನಲ್ಲಿ ಹಿಡಿದರೆ ಸಂದು ಸಿಗ್ತದೆ. ಶಿಮ್ ಬದಲಿಸಿ ಸರಿ ಮಾಡಿ. ಈ ಕೆಲಸ ಬಿಟ್ಟು ಮುಚ್ಚಿದರೆ ಹೊಸ ಗೇರೂ ಮುಂದಿನ ಏಣೆಲಿಗೆ ಉಳಿಯುವುದಿಲ್ಲ.

ಆ ಮುರಿದ ತುಂಡಿನ ಸಂಗಾತಿಗಳು ಎಲ್ಲಿ ಅಂತಲೂ ನೋಡಬೇಕು. ಸಿಕ್ಕಿದ್ದನ್ನೆಲ್ಲ ಬಟ್ಟೆಯ ಮೇಲೆ ಇಟ್ಟು ಮುರಿದ ಹಲ್ಲಿಗೆ ಜೋಡಿಸಿ ನೋಡಿ. ಕಮ್ಮಿ ಬಂದರೆ ಡಿಫ್ರೆನ್ಶಿಯಲ್ ಕಡೆಗೂ ಹುಡುಕಬೇಕು.

ಮೂಲ್ಕಿ ಹೊಳೆಬದಿ

ಎಣ್ಣೆಯ ಬಗ್ಗೆ ಒಂದು ಮಾತು ಸೇರಿಸ್ತೇನೆ. ಡೀಸೆಲ್ ಹೊಯ್ದು ಗಾಡಿ ಓಡಿಸಿ ತೊಳೆಯುವವರು ಉಂಟು. ಬೇಡ, ಡೀಸೆಲಿಗೆ ಜಿಡ್ಡಿಲ್ಲ, ಹೊಸ ಬೇರಿಂಗ್ ಒಣಗಿ ಓಡ್ತದೆ. ಬಿಚ್ಚಿದಾಗ ಕೇಸನ್ನು ಡೀಸೆಲಿನಲ್ಲಿ ಬ್ರಷ್ ಹಾಕಿ ತೊಳೆದು ಒರೆಸಿ. ಜೋಡಿಸಿದ ಮೇಲೆ ಹೊಸ ಎಣ್ಣೆ ತುಂಬಿ, ಭಾರ ಇಲ್ಲದೆ ಅಂಗಳದಲ್ಲಿ ಸ್ವಲ್ಪ ಓಡಿಸಿ, ಬಿಸಿ ಇರುವಾಗಲೇ ಎರಡೂ ಪ್ಲಗ್ಗಿನಿಂದ ಬಸಿದು ಮತ್ತೆ ತುಂಬಿ. ಹೆಚ್ಚಿನ ಮಾದರಿಯ ಮುಂದಿನ ಆಕ್ಸಲಿಗೆ 80ಡಬ್ಲ್ಯೂ-90 ಗೇರ್ ಆಯಿಲ್ ಆಗ್ತದೆ, ನಿಮ್ಮ ಪುಸ್ತಕ ನೋಡಿ. ತುಂಬಿದ ಕೂಡಲೇ ಲೆವೆಲ್ ನಂಬಬೇಡಿ. ದಪ್ಪ ಎಣ್ಣೆ ಎರಡು ತುದಿಗೆ ಹರಿಯಲಿಕ್ಕೆ ಹೊತ್ತು ಬೇಕು, ಹತ್ತು ಹದಿನೈದು ನಿಮಿಷ ಬಿಟ್ಟು ನೋಡಿದರೆ ಇಳಿದಿರ್ತದೆ.

ನೀರು ಒಳಗೆ ಹೋಗುವುದು ಹರಿದ ಸೀಲಿನಿಂದ ಮಾತ್ರ ಅಲ್ಲ. ಉಳುವಾಗ ಬಿಸಿಯಾದ ಆಕ್ಸಲ್ ತಣ್ಣೀರಿನಲ್ಲಿ ಮುಳುಗಿದರೆ ಒಳಗಿನ ಗಾಳಿ ಕುಗ್ತದೆ. ಬ್ರೀದರ್ (ಆಕ್ಸಲಿಗೆ ಗಾಳಿಯಾಡುವ ತೂತು) ಕೆಸರಿನಿಂದ ಕಟ್ಟಿದ್ದರೆ ಅದು ಸೀಲಿನ ತುಟಿಯ ಸಂದಿಯಿಂದಲೇ ನೀರು ಎಳೀತದೆ. ಬ್ರೀದರ್ ತೆಗೆದು ಊದಿ ನೋಡಿ, ಗಾಳಿ ಹೋಗಬೇಕು. ಅದಕ್ಕೊಂದು ರಬ್ಬರ್ ನಳಿಗೆ ಸಿಕ್ಕಿಸಿ ಬಾನೆಟಿನ ಎತ್ತರಕ್ಕೆ ಕಟ್ಟಿದರೆ ಗದ್ದೆಯ ನೀರು ತಲುಪುವುದಿಲ್ಲ. ಪ್ರೆಷರ್ ವಾಷರ್ ನೇರ ಹಬ್ಬಿನ ಸೀಲಿಗೆ ಹಿಡಿಯಬೇಡಿ. ನಮ್ಮ ಕಡೆ ಉಪ್ಪುನೀರು ಹತ್ತುವ ಗದ್ದೆ, ಅಲ್ಲಿ ಇಳಿದು ಬಂದ ದಿನವೇ ಸಿಹಿನೀರಿನಲ್ಲಿ ತೊಳೆದು ಗ್ರೀಸ್ ಹೊಡೆಯಲೇಬೇಕು.

ತೋಟದಿಂದ ಬಂದ ಕೂಡಲೇ ನಾಲ್ಕು ಹಬ್ಬಿನ ಒಳಬದಿಗೂ ಕೈ ಹಾಕಿ ನೋಡಿ. ಸೋಗೆಯ ನಾರು, ಬಳ್ಳಿ, ಡ್ರಿಪ್ಪಿನ ಪೈಪು, ಗೊಬ್ಬರದ ಚೀಲದ ನೂಲು. ಆ ದಿನವೇ ಆದರೆ ಚೂರಿಯಲ್ಲಿ ಕೊಯ್ದು ತೆಗೆಯಬಹುದು. ಬಿಟ್ಟರೆ ಬಿಗಿಯಾಗ್ತಾ ಹೋಗಿ ತುಟಿಯ ಒಳಗೆ ನುಗ್ತದೆ.

ಬೆಳ್ಮಣ್ ಗದ್ದೆ

ಸಾಮಾನಿಗೆ ಹೇಳಿದ್ದೇನೆ, ಬರಲಿಕ್ಕೆ ಸ್ವಲ್ಪ ದಿನ ಆಗಬಹುದು. ಅಲ್ಲಿವರೆಗೆ ಹೊಸ ಎಣ್ಣೆ ತುಂಬಿ, ಫೋರ್ ವೀಲ್ ಹಾಕದೆ ಗೊಬ್ಬರ ಸಾಗಿಸಬಹುದಾ? ಇಲ್ಲ ಡ್ರೈವ್ ಶಾಫ್ಟ್ ಕಳಚಿಟ್ಟರೆ?

ಬ್ರಹ್ಮಾವರ ವರ್ಕ್‌ಶಾಪ್

ಎರಡೂ ಬೇಡ. ಶಾಫ್ಟ್ ಕಳಚಿದರೂ ಚಕ್ರ ಉರುಳಿದ ಹಾಗೆ ಕೇಸಿನೊಳಗಿನ ಬೆವೆಲ್ ತಿರುಗ್ತಲೇ ಇರ್ತದೆ. ಇನ್ನೊಂದು ತುಂಡು ಕಳಚಿ ಹಲ್ಲಿನ ನಡುವೆ ಸಿಕ್ಕಿದರೆ ಆ ಚಕ್ರ ಓಡುವಾಗಲೇ ಹಿಡಿದುಕೊಳ್ತದೆ, ಸ್ಟೇರಿಂಗ್ ಒಂದು ಕಡೆ ಎಳೆದು ಹೋಗ್ತದೆ. ಟ್ರೈಲರ್ ಹಾಕಿ ಇಳಿಜಾರಿನಲ್ಲಿ ಹಾಗಾದರೆ ಗಾಡಿ ಮಗುಚ್ತದೆ. ಗೊಬ್ಬರಕ್ಕೆ ಬಾಡಿಗೆ ಪಿಕಪ್ ಹೇಳಿ. ಕೇಸನ್ನು ಈಗಲೇ ಬಿಚ್ಚಿ ತೊಳೆದಿಟ್ಟರೆ ಬೇರಿಂಗ್ ನಂಬರು ಸಿಗ್ತದೆ, ತುಂಡಿನ ಲೆಕ್ಕವೂ ಆಗ್ತದೆ. ಒಳಭಾಗಕ್ಕೆ ಎಣ್ಣೆ ಹಚ್ಚಿ ಪ್ಲಾಸ್ಟಿಕ್ ಸುತ್ತಿಡಿ, ಈ ಗಾಳಿಗೆ ಒಂದೇ ರಾತ್ರಿಯಲ್ಲಿ ತುಕ್ಕು ಹತ್ತುತ್ತದೆ.

ಹಿಂದಿನ ಟೈರ್ ಬದಲಿಸದೆ ಹೊಸ ಗೇರ್ ಹಾಕಬೇಡಿ. ಈಗಲೇ ಆಗದಿದ್ದರೆ ಮುಂದಕ್ಕೆ ಹಳೆ ಟೈರನ್ನೇ ಹಾಕಿ ಮತ್ತೊಮ್ಮೆ 10 ಸುತ್ತಿನ ಲೆಕ್ಕ ಮಾಡಿ, ಶೇ. 5ರೊಳಗೆ ಬಂದರೆ ಸದ್ಯಕ್ಕೆ ಸಾಕು. ಗದ್ದೆಯಿಂದ ಡಾಂಬರು ಹತ್ತುವ ಮೊದಲೇ ಫೋರ್ ವೀಲ್ ಲಿವರ್ ತೆಗೆಯಿರಿ. ಹೊಸ ಗೇರ್ ಹಾಕಿ 50 ಗಂಟೆ ಓಡಿದ ಮೇಲೆ ಆ ಎಣ್ಣೆ ಬಸಿದು ಪ್ಲಗ್ ನೋಡಿ ಇಲ್ಲಿಗೆ ಬರೆಯಿರಿ. ಬೂದು ಹುಡಿ ಮಾತ್ರ ಇದ್ದರೆ ಮತ್ತೆ ಮಾಮೂಲಿ ಲೆಕ್ಕದಲ್ಲಿ ಬದಲಿಸಿದರೆ ಸಾಕು.